ಗಾಳಿ ತುಂಬಿಸಿದರೆ ಸಾಲದು

“ಸರಿಯಾಗಿ ಓದದಿದ್ದರೆ ಪಂಕ್ಚರ್ ಅಂಗಡಿಯೇ ಗತಿ” ಎಂಬ ಮಾತನ್ನು ನಾನು ಪ್ರಾಥಮಿಕ ಶಾಲೆಯಿಂದಲೂ ಕೇಳುತ್ತ ಬಂದಿದ್ದೇನೆ. ನಮ್ಮ ಸಮುದಾಯವನ್ನು ಹಂಗಿಸಲು ಹೊರಗಿನವರು “ಪಂಕ್ಚರ್ ಹಾಕುವವರು” ಎಂದರೆ ನಮಗೆ ಸಿಟ್ಟು ಬರುತ್ತದೆ. ಮನೆಯಲ್ಲಿ, ತರಗತಿಯಲ್ಲಿ ನಾವೇ ಹೇಳಿದರೆ ಮಾತ್ರ ಅದು ಬುದ್ಧಿಮಾತು! ಆ ಕೆಲಸಕ್ಕೆ ತಲೆ ಬೇಕಿಲ್ಲ ಎನ್ನುವವರು ನಿಧಾನವಾಗಿ ಗಾಳಿ ಸೋರುವ ಒಂದು ಟೈರಿನ ರೋಗವನ್ನು ಪತ್ತೆ ಮಾಡಿ ತೋರಿಸಲಿ.

ಮೊಳೆ ಚುಚ್ಚಿ ಒಮ್ಮೆಲೇ ಕೂತುಬಿಡುವ ಟೈರಿನ ಕತೆ ಸುಲಭ. ನನ್ನ ಮಾಮನ ಕಾರಿನದು ಹಾಗಲ್ಲ. ಹಿಂದಿನ ಎಡ ಟೈರಿಗೆ 33 ಪಿಎಸ್‌ಐ (ಠಾಣೆಯ ಪಿಎಸ್‌ಐ ಅಲ್ಲ, ಒತ್ತಡದ್ದು) ಗಾಳಿ ಹಾಕಿಸಿದರೆ ವಾರದೊಳಗೆ 26ಕ್ಕೆ ಇಳಿಯುತ್ತಿತ್ತು. ನೋಡಿದರೆ ತಿಳಿಯುವುದಿಲ್ಲ, ಈಗಿನ ರೇಡಿಯಲ್ ಟೈರು ಗಾಳಿ ಸರಿಯಿದ್ದಾಗಲೂ ಕೆಳಗೆ ತುಸು ಉಬ್ಬಿಯೇ ಕಾಣುತ್ತದೆ. ಪ್ರತಿ ವಾರ ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸುವುದೇ ಚಿಕಿತ್ಸೆಯಾಯಿತು. ಒಬ್ಬರು ನೈಟ್ರೋಜನ್ ಹಾಕಿಸಿ ಎಂದರು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ, ತೂತಿದ್ದರೆ ಅದೂ ಹೋಗುತ್ತದೆ. ಇನ್ನೊಬ್ಬರು ಪರೀಕ್ಷೆ ಮಾಡದೆಯೇ ವಾಲ್ವ್ ಬದಲಿಸಿ ದುಡ್ಡು ತೆಗೆದುಕೊಂಡರು.

ಇದು ದುಡ್ಡಿನ ಪ್ರಶ್ನೆ ಮಾತ್ರವಲ್ಲ. ಗಾಳಿ ಕಡಿಮೆಯಿರುವ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಅದು ಸಿಡಿದರೆ ಕಾರಿನಲ್ಲಿರುವವರು ನಮ್ಮ ಮನೆಯವರೇ.

ಕೊನೆಗೆ ನಮ್ಮ ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಕಾಕ ಟೈರು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಉಳಿದ ಮೂರರಲ್ಲಿ ಎಷ್ಟುಂಟು?” ಈ ಪ್ರಶ್ನೆಯ ಬೆಲೆ ನನಗೆ ಗೊತ್ತಾದದ್ದು ಮನೆಗೆ ಬಂದು ಲೆಕ್ಕ ಹಾಕಿದಾಗ. ಪ್ರಥಮ ಪಿಯುಸಿಯ ಅನಿಲ ನಿಯಮವೇ. ಮಧ್ಯಾಹ್ನ 34 ಡಿಗ್ರಿ ಸೆಲ್ಸಿಯಸ್‌ನಲ್ಲಿ 33 ತೋರಿಸುವ ಟೈರು ಬೆಳಗಿನ 24 ಡಿಗ್ರಿಯಲ್ಲಿ, ಏನೂ ಸೋರದೆಯೇ, ಸುಮಾರು 31.5 ತೋರಿಸುತ್ತದೆ. (ವಾತಾವರಣದ 14.7 ಪಿಎಸ್‌ಐ ಕೂಡಿಸಿಕೊಂಡು, ತಾಪವನ್ನು ಕೆಲ್ವಿನ್‌ಗೆ ತಿರುಗಿಸಿ ಲೆಕ್ಕ ಮಾಡಿ ನೋಡಿ.) ನಾಲ್ಕೂ ಸಮನಾಗಿ ಇಳಿದರೆ ಹವೆಯ ಕೆಲಸವಿರಬಹುದು, ಒಂದೇ ಇಳಿದರೆ ಸೋರಿಕೆ.

ಆಮೇಲೆ ವಾಲ್ವ್‌ನ ಮುಚ್ಚಳ ತೆಗೆದು ಒದ್ದೆ ಬೆರಳಿಟ್ಟರು. ಗುಳ್ಳೆ ಬರಲಿಲ್ಲ. ಟೈರಿನ ಮೇಲೆಲ್ಲ ಸೋಪಿನ ನೀರು ಹಚ್ಚಿ ನಿಧಾನಕ್ಕೆ ತಿರುಗಿಸಿದರು. ಅಲ್ಲೂ ಇಲ್ಲ. ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸುಮ್ಮನೆ ಕಾದರು. ನಾನು ಬೇಸತ್ತು ಮೊಬೈಲ್ ತೆಗೆಯುವಷ್ಟರಲ್ಲಿ “ಇಲ್ಲಿ ನೋಡು ಮಗಾ” ಎಂದರು. ಟೈರು ರಿಮ್‌ಗೆ ಕೂರುವ ಅಂಚಿನಿಂದ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಟೈರಿನಲ್ಲಿ ತೂತೇ ಇರಲಿಲ್ಲ! ಕಬ್ಬಿಣದ ರಿಮ್ ತುಕ್ಕು ಹಿಡಿದು ಅಲ್ಲಿ ಟೈರು ಬಿಗಿಯಾಗಿ ಕೂರುತ್ತಿರಲಿಲ್ಲ. ಟೈರು ಬಿಚ್ಚಿ, ತುಕ್ಕನ್ನು ತಂತಿಯ ಬ್ರಷ್‌ನಿಂದ ಉಜ್ಜಿ, ಅಂಚಿಗೆ ಅಂಟು ಬಳಿದು ಕೂರಿಸಿದರು. ತಿಂಗಳಾಯಿತು, ಗಾಳಿ ನಿಂತಿದೆ.

ಪ್ರಯೋಗಾಲಯದಲ್ಲಿ ನಮಗೆ ಉತ್ತರ ಮೊದಲೇ ಗೊತ್ತಿರುತ್ತದೆ. ರೀಡಿಂಗ್ ಸ್ವಲ್ಪ ಆಚೀಚೆ ಆದರೆ ತಿದ್ದಿಕೊಳ್ಳುವವರೂ ಇದ್ದೇವೆ, ಹೆಸರು ಹೇಳುವುದಿಲ್ಲ. ಕಾಕನಿಗೆ ಆ ಅನುಕೂಲವಿಲ್ಲ. ಹಾಗಾಗಿ ಭೌತಶಾಸ್ತ್ರ ವಿಭಾಗದಲ್ಲಿ ನನ್ನದೊಂದು ಕೋರಿಕೆ: ಈ ವರ್ಷ ಒಂದು ಪಿರಿಯಡ್, ಒಂದು ಪ್ರೆಶರ್ ಗೇಜ್, ಒಂದು ಬಾಟಲಿ ಸೋಪಿನ ನೀರು. ಪಾರ್ಕಿಂಗ್‌ನಲ್ಲಿ ಲೆಕ್ಚರರ್‌ಗಳ ಕಾರುಗಳು ಹೇಗೂ ಇವೆ. ಕಾಕನನ್ನು ಕೇಳಿದ್ದೇನೆ, ಬರುತ್ತೇನೆ ಎಂದಿದ್ದಾರೆ. ಮೊದಲ ಪಿರಿಯಡ್ ಮಾತ್ರ ಬೇಡವಂತೆ, ಟೈರು ತಣ್ಣಗಾದ ಮೇಲೆಯೇ ಅಳೆಯಬೇಕು.