ಪೆಟ್ಟಿಗೆಯಲ್ಲಿ ಇಲ್ಲದ ಬೊಂಬೆ

ಕೊಂಡು ತಂದದ್ದನ್ನು ಕತ್ತರಿಸಿ, ಬೇರೆ ಥರ ಜೋಡಿಸಿ, ಬಣ್ಣ ಹಚ್ಚಿದರೆ ಅದು ನಮ್ಮ ಕೃತಿ ಆಗುತ್ತದೆಯೇ? ಮೇಜಿನ ಮೇಲಾಡುವ ಯುದ್ಧದಾಟಗಳ ಮಿನಿಯೇಚರ್ ಬೊಂಬೆಗಳನ್ನು ಜೋಡಿಸುವ ಹವ್ಯಾಸಿಗಳಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮನೆಗೆ ಬಂದವರು ಕಪಾಟಿನಲ್ಲಿ ನಿಂತ, ಹೆಬ್ಬೆರಳಿಗಿಂತ ಚಿಕ್ಕದಾದ ಸೈನಿಕನನ್ನು ಕೈಗೆತ್ತಿಕೊಂಡು "ಇದು ನೀವೇ ಮಾಡಿದ್ದಾ, ಕೊಂಡದ್ದಾ?" ಎನ್ನುತ್ತಾರೆ. ಮಾಡಿದ್ದು ಎಂದರೆ ಮೆಚ್ಚುಗೆ, ಕೊಂಡದ್ದು ಎಂದರೆ ಬೊಂಬೆ ಮತ್ತೆ ಕಪಾಟಿಗೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಯಲ್ಲಿ ಯಾರೂ ಹೀಗೆ ಕೇಳುವುದಿಲ್ಲ. ಪಟ್ಟದ ಗೊಂಬೆ ತವರಿನಿಂದ ಬಂದದ್ದು, ಮರದ ಗೊಂಬೆ ಚನ್ನಪಟ್ಟಣದ್ದು, ಬದಿಯ ಪಾರ್ಕು ಮಾತ್ರ ಮಕ್ಕಳ ಕೈಕೆಲಸ ಎಂಬುದು ಎಲ್ಲರಿಗೂ ಗೊತ್ತು. ಆದರೂ "ಈ ಸಲ ನಿಮ್ಮನೆ ಗೊಂಬೆ ತುಂಬಾ ಚೆನ್ನಾಗಿದೆ ಕಣ್ರೀ" ಎಂದೇ ಹೇಳಿ ಹೊರಡುತ್ತಾರೆ. ಮಾಡಿದ್ದಕ್ಕೂ ಕೊಂಡದ್ದಕ್ಕೂ ನಡುವೆ ಒಂದು ದೊಡ್ಡ ಬಯಲಿದೆ. ಕೈಕೆಲಸದ ಅರ್ಧಕ್ಕರ್ಧ ಸಂತೋಷ ಅಲ್ಲಿಯೇ ಇದೆ ಎಂದು ನಾನು ನಂಬುತ್ತೇನೆ.

ಈ ಹವ್ಯಾಸದ ದೊಡ್ಡ ಹೆಸರು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್. 1975ರಲ್ಲಿ ಮೂವರು ಗೆಳೆಯರು ಲಂಡನ್ನಿನಲ್ಲಿ ಶುರುಮಾಡಿದ ಕಂಪನಿ, ಈಗ ನಾಟಿಂಗ್‌ಹ್ಯಾಮ್‌ನಲ್ಲಿದೆ. 1983ರಲ್ಲಿ 'ವಾರ್‌ಹ್ಯಾಮರ್', 1987ರಲ್ಲಿ ಅದರ ಬಾಹ್ಯಾಕಾಶದ ರೂಪ 'ವಾರ್‌ಹ್ಯಾಮರ್ 40,000' ಬಂದವು. 2024ರ ಡಿಸೆಂಬರಿನಲ್ಲಿ ಕಂಪನಿ ಲಂಡನ್ ಷೇರುಪೇಟೆಯ ಮೊದಲ ನೂರರ ಪಟ್ಟಿ ಸೇರಿತು. ಅಲ್ಲಿಂದ ಬರುವ ಪೆಟ್ಟಿಗೆಯಲ್ಲಿ ಸಿದ್ಧ ಬೊಂಬೆ ಇರುವುದಿಲ್ಲ. ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳಿರುತ್ತವೆ. ಹವ್ಯಾಸಿಗಳು ಸ್ಪ್ರೂ ಎನ್ನುವ ಈ ಚೌಕಟ್ಟಿಗೆ ತಲೆ, ತೋಳು, ಕಾಲು, ಕೋವಿ ಎಲ್ಲ ಬೇರೆಬೇರೆಯಾಗಿ ಅಂಟಿಕೊಂಡಿರುತ್ತವೆ. ಕಟರ್‌ನಿಂದ ಬಿಡಿಸಬೇಕು, ಅಚ್ಚಿನ ಗೆರೆಯನ್ನು ಚಾಕುವಿನ ಬೆನ್ನಿನಿಂದ ಹೆರೆಯಬೇಕು, ಅಂಟಿಸಬೇಕು, ಪ್ರೈಮರ್ ಹೊಡೆದು ಬಣ್ಣ ಬಳಿಯಬೇಕು. ಅಂಗಡಿಯವನು ಮಾರುವುದು ಬೊಂಬೆಯನ್ನಲ್ಲ, ಅರ್ಧ ಕೆಲಸವನ್ನು.

ಬೊಂಬೆ ತುಂಡುತುಂಡಾಗಿ ಬರುವುದಕ್ಕೆ ಮೂಲ ಕಾರಣ ಹವ್ಯಾಸಿಯ ಸಂತೋಷವಲ್ಲ, ಅಚ್ಚು. ಕರಗಿದ ಪಾಲಿಸ್ಟೈರೀನನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಒತ್ತಡದಿಂದ ತುಂಬುತ್ತಾರೆ. ತಣಿದ ಮೇಲೆ ಅಚ್ಚು ನೇರವಾಗಿ ಎರಡು ಕಡೆಗೆ ತೆರೆದುಕೊಳ್ಳಬೇಕು. ಎದೆಯ ಮುಂದೆ ಮಡಿಸಿದ ತೋಳು, ಅದರ ಹಿಂದೊಂದು ಪಟ್ಟಿ, ಪಟ್ಟಿಯ ಹಿಂದೊಂದು ಸಂದು ಇದ್ದರೆ ಉಕ್ಕು ಅದರಿಂದ ಬಿಡಿಸಿಕೊಳ್ಳಲಾರದು. ಆದ್ದರಿಂದ ತೋಳು ಒಂದು ತುಂಡು, ಮೈ ಇನ್ನೊಂದು. ಹಿಂದಿನ ಲೋಹದ ಬೊಂಬೆಗಳಿಗೆ ಈ ಕಟ್ಟು ಇಷ್ಟು ಬಿಗಿಯಾಗಿರಲಿಲ್ಲ. ಅವುಗಳ ಅಚ್ಚು ರಬ್ಬರಿನದು, ಬಗ್ಗುತ್ತದೆ. ಬಹುಪಾಲು ಬೊಂಬೆಗಳು ಒಂದೇ ಎರಕದಲ್ಲಿ ಹೊರಬರುತ್ತಿದ್ದವು. ಪ್ಲಾಸ್ಟಿಕ್ ಬಂದಾಗ ಕಾರ್ಖಾನೆಯ ಅನಿವಾರ್ಯವೇ ಹವ್ಯಾಸಿಗೆ ವರವಾಯಿತು. ಎಲ್ಲ ಸೈನಿಕರ ಭುಜದ ಕೀಲು ಒಂದೇ ಅಳತೆಯದಾದ್ದರಿಂದ ಇವನ ತೋಳು ಅವನಿಗೂ ಕೂರುತ್ತದೆ. 1980ರ ದಶಕದ ಕೊನೆಗೆ ಬಂದ, ಸ್ಪೇಸ್ ಮರೀನ್ ಎಂಬ ಮೂವತ್ತು ಪ್ಲಾಸ್ಟಿಕ್ ಸೈನಿಕರಿದ್ದ ವಾರ್‌ಹ್ಯಾಮರ್ 40,000 ಪೆಟ್ಟಿಗೆಯನ್ನು ಹಳಬರು ಈಗಲೂ ನೆನೆಯುವುದು ಇದಕ್ಕೇ.

ಈಗ ಕೆಲಸವನ್ನು ಹತ್ತಿರದಿಂದ ನೋಡೋಣ. ನೆಟ್ಟಗೆ ಎದೆಯುಬ್ಬಿಸಿ ನಿಂತ ಸೈನಿಕನೊಬ್ಬ ಸಿಕ್ಕಿದ್ದಾನೆ. ನಮಗೆ ಬೇಕಾದವನು ದಣಿದು ಕೋವಿಯನ್ನೇ ಊರುಗೋಲು ಮಾಡಿಕೊಂಡವನು. ಮೊದಲು ಸೊಂಟದಲ್ಲಿ ಸಣ್ಣ ಗರಗಸದಿಂದ ಕೊಯ್ಯಬೇಕು. ಆಗ ಮೇಲಿನ ಅರ್ಧ ಮುಂದಕ್ಕೆ ಬಾಗುತ್ತದೆ. ಆದರೆ ಬಾಗಿದ ಮೈಯನ್ನು ನೆಟ್ಟನೆಯ ಕಾಲುಗಳ ಮೇಲೆ ಕೂರಿಸಿದರೆ ಅವನು ದಣಿದಂತೆ ಕಾಣುವುದಿಲ್ಲ, ಮುಗ್ಗರಿಸಿದಂತೆ ಕಾಣುತ್ತಾನೆ. ಮನುಷ್ಯ ಭಾರವನ್ನು ಒಂದು ಕಾಲಿಗೆ ಬಿಟ್ಟಾಗ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ, ಇನ್ನೊಂದು ಮಂಡಿ ಸಡಿಲವಾಗುತ್ತದೆ. ಕನ್ನಡಿಯ ಮುಂದೆ ಪೊರಕೆ ಹಿಡಿದು ನಿಂತು ನೋಡಿದರೆ ಯಾರಿಗೂ ತಿಳಿಯುವ ಸಂಗತಿ ಇದು. ಆದರೆ ನೋಡಬೇಕು ಅಷ್ಟೆ. ಆಮೇಲೆ ಮಂಡಿಯ ಹಿಂದೆ ಬೆಣೆಯಾಕಾರದ ಚೂರೊಂದನ್ನು ತೆಗೆದು ಕಾಲು ಮಡಿಸಬೇಕು. ಮಡಿಸಿದಾಗ ಮಂಡಿಯ ಮುಂದೆ ಬಿರುಕು ಬಾಯ್ತೆರೆಯುತ್ತದೆ. ಅದನ್ನು ಮುಚ್ಚಲು ಹವ್ಯಾಸಿಗಳು ಬಳಸುವುದು ಗ್ರೀನ್ ಸ್ಟಫ್ ಎಂಬ ಎರಡು ಭಾಗದ ಎಪಾಕ್ಸಿ ಪುಟ್ಟಿ. ಹಳದಿ ಪಟ್ಟಿಯನ್ನೂ ನೀಲಿ ಪಟ್ಟಿಯನ್ನೂ ಹಸಿರಾಗುವವರೆಗೆ ನಾದಬೇಕು. ಬೆರಳನ್ನೂ ಉಪಕರಣವನ್ನೂ ಒದ್ದೆ ಮಾಡಿಕೊಳ್ಳದಿದ್ದರೆ ಪುಟ್ಟಿ ಬೊಂಬೆಯನ್ನು ಬಿಟ್ಟು ನಮಗೇ ಅಂಟುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪೈಪಿನ ಸೋರಿಕೆಗೆಂದು ಸಿಗುವ ಎಂ-ಸೀಲ್ ಕೂಡ ಇದೇ ಜಾತಿಯದು. ಒರಟು ತುಂಬುವಿಕೆಗೆ ಅದೂ ನಡೆಯುತ್ತದೆ. ಆದರೆ ಬಟ್ಟೆಯ ನೆರಿಗೆ ತೀಡಲು ಗ್ರೀನ್ ಸ್ಟಫ್ಫಿನ ಎಳೆತವೇ ಬೇಕು.

ಅಂಟಿನ ವಿಷಯ ನನಗೆ ವಿಶೇಷವಾಗಿ ಮುಖ್ಯ. ಸೂಪರ್ ಗ್ಲೂ ಎರಡು ಮೇಲ್ಮೈಗಳ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಜೋರಾಗಿ ಬಿದ್ದರೆ ಅಲ್ಲೇ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಹಾಗಲ್ಲ. ಅದು ಪಾಲಿಸ್ಟೈರೀನನ್ನೇ ಕರಗಿಸುತ್ತದೆ. ಎರಡೂ ತುಂಡುಗಳ ಅಂಚು ಮೆತ್ತಗಾಗಿ ಒಂದರೊಳಗೊಂದು ಬೆರೆಯುತ್ತದೆ, ದ್ರಾವಕ ಆರಿಹೋಗುತ್ತದೆ, ಉಳಿಯುವುದು ಒಂದೇ ಪ್ಲಾಸ್ಟಿಕ್. ಒಂದು ಪೆಟ್ಟಿಗೆಯ ತಲೆ, ಇನ್ನೊಂದರ ಮೈ, ಮತ್ತೆಲ್ಲಿಂದಲೋ ಬಂದ ಕೈ ಸೇರಿ ಆದ ಬೊಂಬೆಯಲ್ಲಿ ಆಮೇಲೆ ಕೀಲು ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ. ಅದನ್ನು ಮತ್ತೆ ಮೂರು ಪೆಟ್ಟಿಗೆಗಳಿಗೆ ಹಂಚಿಕೊಡಲು ಸಾಧ್ಯವಿಲ್ಲ.

ಹಾಗಾದರೆ ಇಲ್ಲಿ ಹವ್ಯಾಸಿಯದು ಯಾವುದು? ಮೂಗು, ಕವಚ, ಕೋವಿಯ ನಳಿಗೆ ಯಾವುದನ್ನೂ ಅವನು ಕೆತ್ತಿಲ್ಲ. ಅವನದು ದಣಿವು. ಆ ಸೈನಿಕ ದಣಿದಿರಬೇಕು ಎಂಬ ತೀರ್ಮಾನ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದಕ್ಕಾಗಿ ಮೈಯ ಭಾರ ಎಲ್ಲಿ ಬೀಳುತ್ತದೆಂದು ನೋಡಿದವನೂ, ಕೊಯ್ಯುವ ಧೈರ್ಯ ಮಾಡಿದವನೂ ಅವನೇ. ಸೂಚನಾಪತ್ರದ ಪ್ರಕಾರ ಒಂದನೇ ನಂಬರಿಗೆ ಎರಡನೇ ನಂಬರು ಅಂಟಿಸುತ್ತ ಹೋಗುವುದನ್ನು ನಾನು ಸೃಷ್ಟಿ ಎನ್ನಲಾರೆ. ಅದು ಕೈ ಪಳಗಿಸುವ ಅಭ್ಯಾಸ, ಅದಕ್ಕೆ ಅದರದ್ದೇ ಗೌರವವಿದೆ. ಸೂಚನಾಪತ್ರ ಹೇಳದ ಒಂದು ತೀರ್ಮಾನವನ್ನು ತೆಗೆದುಕೊಂಡು ಅದರ ಒಳಿತು ಕೆಡುಕಿಗೆ ತಾನೇ ಹೊಣೆಯಾದ ಕ್ಷಣದಿಂದ ಬೊಂಬೆ ಅವನದಾಗುತ್ತದೆ.

ಹವ್ಯಾಸದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಎಚ್. ಜಿ. ವೆಲ್ಸ್ 1911ರ 'ಫ್ಲೋರ್ ಗೇಮ್ಸ್' ಪುಸ್ತಕದಲ್ಲಿಯೇ ಅಂಗಡಿಗಳಲ್ಲಿ ಬರೀ ಸೈನಿಕರು ಸಿಗುತ್ತಾರೆ, ಸಾಮಾನ್ಯ ನಾಗರಿಕರ ಬೊಂಬೆಗಳು ಸಿಗುವುದಿಲ್ಲ ಎಂದು ಕೊರಗಿದ್ದರು. ಊರು ಕಟ್ಟಬೇಕೆಂದವರ ಕೈಗೆ ಪೇಟೆ ಪಡೆಯನ್ನು ಮಾತ್ರ ಕೊಟ್ಟಿತ್ತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ರೂಪಿಸುತ್ತಿದ್ದ ದಿನಗಳಲ್ಲಿ ರಾಕ್ಷಸರ ಬೊಂಬೆಗಳು ಬೇಕಾದವು. ಅಗ್ಗದ ಅಂಗಡಿಯಲ್ಲಿ ಚೀಲದಲ್ಲಿ ತುಂಬಿ ಮಾರುತ್ತಿದ್ದ, ಇಂಥ ಪ್ರಾಣಿ ಎಂದು ಹೇಳಲಾಗದ ಪ್ಲಾಸ್ಟಿಕ್ ಆಟಿಕೆಗಳನ್ನೇ ಅವರು ಮೇಜಿನ ಮೇಲಿಟ್ಟರು. ಆ ಆಟದ 1975ರ 'ಗ್ರೇಹಾಕ್' ಪುರವಣಿಯಲ್ಲಿ ಬಂದ ರಸ್ಟ್ ಮಾನ್‌ಸ್ಟರ್, ಔಲ್‌ಬೇರ್ ಎಂಬ ರಾಕ್ಷಸ ಪ್ರಾಣಿಗಳು ಹುಟ್ಟಿದ್ದು ಆ ಚೀಲದಿಂದ. ಇಂದು ಅವುಗಳದೇ ಬೊಂಬೆಗಳನ್ನು ಹಣ ಕೊಟ್ಟು ಕೊಳ್ಳುತ್ತಾರೆ. ಗೇಮ್ಸ್ ವರ್ಕ್‌ಶಾಪಿನ ಮಾಸಪತ್ರಿಕೆ 'ವೈಟ್ ಡ್ವಾರ್ಫ್' ಒಂದು ಕಾಲದಲ್ಲಿ ಖಾಲಿ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಟ್ಯಾಂಕ್ ಮಾಡುವುದು ಹೇಗೆಂದು ಓದುಗರಿಗೆ ಕಲಿಸಿತ್ತು. ಅದೇ ಪತ್ರಿಕೆಯಲ್ಲಿ ಕಂಪನಿಯ ಕಲಾವಿದ ಜಾನ್ ಬ್ಲಾಂಚ್ 'ಬ್ಲಾಂಚಿತ್ಸು' ಅಂಕಣದ ಮೂಲಕ ಕತ್ತರಿಸಿ ಕೂಡಿಸಿದ ವಿಚಿತ್ರ ಬೊಂಬೆಗಳಿಗೆ ಒಂದು ಶೈಲಿಯನ್ನೇ ಕೊಟ್ಟರು. 1977ರ 'ಸ್ಟಾರ್ ವಾರ್ಸ್' ಚಿತ್ರದ ಅಂತರಿಕ್ಷ ನೌಕೆಗಳ ಮೈಮೇಲೆ ಕಾಣುವ ಕೊಳವೆ, ಪೆಟ್ಟಿಗೆಗಳು ಅಂಗಡಿಯಲ್ಲಿ ಸಿಗುವ ಟ್ಯಾಂಕು, ಹಡಗುಗಳ ಕಿಟ್‌ಗಳಿಂದ ಬಂದವು. ಆ ನೌಕೆಗಳು ಟ್ಯಾಂಕ್ ಕಿಟ್ ಮಾಡಿದವರ ಕೃತಿ ಎಂದು ಯಾರೂ ವಾದಿಸಿಲ್ಲ.

ಆದರೂ ಇಲ್ಲಿನ ಸ್ವಾತಂತ್ರ್ಯಕ್ಕೆ ಒಂದು ಕಡಿವಾಣವಿದೆ. ಅದು ಇರುವುದು ಒಳ್ಳೆಯದೇ. ಆಟದ ಬೊಂಬೆ ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ನಿಲ್ಲುವಂಥದ್ದಲ್ಲ, ಎದುರಿಗೆ ಇನ್ನೊಬ್ಬ ಆಟಗಾರ ಕೂತಿರುತ್ತಾನೆ. ಈ ಸೈನಿಕನ ಕೈಯಲ್ಲಿರುವುದು ಬೆಂಕಿ ಉಗುಳುವ ಆಯುಧವೋ ದೂರಕ್ಕೆ ಹೊಡೆಯುವ ಕೋವಿಯೋ ಎಂಬುದು ಮೇಜಿನ ಆಚೆ ಕಡೆಯಿಂದ, ಮೂರು ನಾಲ್ಕು ಅಡಿ ದೂರದಿಂದ ಅವನಿಗೆ ಗೊತ್ತಾಗಬೇಕು. ಕಂಡದ್ದೇ ಇದ್ದದ್ದು ಎಂಬುದು ಆಟಗಾರರ ನಡುವಿನ ಹಳೆಯ ಒಪ್ಪಂದ. ಅಡಿಯ ಬಿಲ್ಲೆಯ ಅಳತೆಯನ್ನೂ ಮನಬಂದಂತೆ ಬದಲಿಸುವಂತಿಲ್ಲ; ದೂರವನ್ನು ಅಳೆಯುವುದು ಅದರ ಅಂಚಿನಿಂದ. ಹಾಗಾಗಿ ಒಳ್ಳೆಯ ಕನ್ವರ್ಶನ್, ಅಂದರೆ ಹೀಗೆ ತಿದ್ದಿ ಬದಲಿಸಿದ ಬೊಂಬೆ, ಎರಡು ಪರೀಕ್ಷೆ ಗೆಲ್ಲಬೇಕು: ಯಾರೂ ನೋಡಿರದಂತೆ ಇರಬೇಕು, ಎಲ್ಲರೂ ಗುರುತು ಹಿಡಿಯುವಂತೆಯೂ ಇರಬೇಕು. ಮನಸ್ಸಿಗೆ ಬಂದ ಕೊಂಬು, ಸರಪಳಿ, ತಲೆಬುರುಡೆಗಳನ್ನೆಲ್ಲ ಒಂದೇ ಮೈಗೆ ಹೇರಿದವರ ಬೊಂಬೆ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತದೆ.

ಈಗಿನ ಗಾಳಿ ಈ ಸ್ವಾತಂತ್ರ್ಯಕ್ಕೆ ವಿರುದ್ಧವಾಗಿ ಬೀಸುತ್ತಿದೆ, ಅದು ನನಗೆ ನಿಜವಾಗಿ ಚಿಂತೆಯ ವಿಷಯ. ಕಂಪ್ಯೂಟರಿನಲ್ಲಿ ವಿನ್ಯಾಸಗೊಂಡ ಹೊಸ ಕಿಟ್‌ಗಳು ಕಣ್ಣಿಗೆ ಹಬ್ಬ. ಗಾಳಿಗೆ ಹಾರುವ ಮೇಲಂಗಿ, ಓಡುವ ಭಂಗಿ ಎಲ್ಲ ಹಿಂದೆಂದೂ ಸಾಧ್ಯವಾಗದಷ್ಟು ನವುರು. ಆದರೆ ತುಂಡುಗಳ ಗೆರೆಗಳೀಗ ಭುಜದ ಕೀಲಿನಲ್ಲಿಲ್ಲ. ಅರ್ಧ ತೋಳು ಮೇಲಂಗಿಯ ಜೊತೆ, ಇನ್ನರ್ಧ ಎದೆಯ ಜೊತೆ, ಕೆನ್ನೆಯೊಂದು ಕಾಲರಿನ ಜೊತೆ ಬರುತ್ತದೆ. ಕೂಡಿಸಿದಾಗ ಸಂದು ಕಾಣದು, ಆದರೆ ಬೊಂಬೆ ನಿಲ್ಲುವುದು ಒಂದೇ ರೀತಿ. ನಿಯಮಗಳೂ ಅದೇ ದಾರಿ ಹಿಡಿದಿವೆ. ಬಿಡಿ ಭುಜಪಟ್ಟಿ, ತಲೆಗಳನ್ನು ಮಾಡಿ ಮಾರುತ್ತಿದ್ದ ಚಾಪ್ಟರ್‌ಹೌಸ್ ಸ್ಟುಡಿಯೋಸ್ ಎಂಬ ಅಮೆರಿಕದ ಸಣ್ಣ ಸಂಸ್ಥೆಯ ಮೇಲೆ ಗೇಮ್ಸ್ ವರ್ಕ್‌ಶಾಪ್ 2010ರ ಡಿಸೆಂಬರಿನಲ್ಲಿ ದಾವೆ ಹೂಡಿತು. 2013ರಲ್ಲಿ ಜೂರಿ ಕೆಲವು ಅಂಶಗಳಲ್ಲಿ ಇವರ ಪರ, ಕೆಲವದರಲ್ಲಿ ಅವರ ಪರ ತೀರ್ಪು ಕೊಟ್ಟಿತು. ನಂತರದ ವರ್ಷಗಳಲ್ಲಿ ಕಂಪನಿ ಬೊಂಬೆ ಮಾರದ ಪಾತ್ರಗಳು ನಿಯಮ ಪುಸ್ತಕಗಳಿಂದ ಒಂದೊಂದಾಗಿ ಮರೆಯಾದವು. ವಾರ್‌ಹ್ಯಾಮರ್ 40,000 ಆಟದ 2023ರ ಹತ್ತನೇ ಆವೃತ್ತಿಯ ಹೊತ್ತಿಗೆ ಎಷ್ಟೋ ತುಕಡಿಗಳ ಆಯುಧಗಳ ಪಟ್ಟಿ ಅವುಗಳ ಪೆಟ್ಟಿಗೆಯಲ್ಲಿ ಏನಿದೆಯೋ ಅಷ್ಟಕ್ಕೇ ಇಳಿದಿತ್ತು. ದಾವೆಯೇ ಇದಕ್ಕೆ ಕಾರಣ ಎಂದು ಆಟಗಾರರಲ್ಲಿ ಅನೇಕರು ನಂಬುತ್ತಾರೆ. ಕಾರಣ ಏನೇ ಇರಲಿ, ಮೊದಲು ಪುಸ್ತಕ ಓದಿ "ಇವನ ಬೊಂಬೆ ಸಿಗುವುದಿಲ್ಲ, ನಾನೇ ಮಾಡುತ್ತೇನೆ" ಎನ್ನುತ್ತಿದ್ದ ಹುಡುಗನಿಗೆ ಈಗ ಆ ಖಾಲಿ ಜಾಗವೇ ಸಿಗುತ್ತಿಲ್ಲ. ತನ್ನ ವಿನ್ಯಾಸವನ್ನು ಕಾಪಾಡಿಕೊಳ್ಳುವ ಹಕ್ಕು ಕಂಪನಿಗಿದೆ, ಒಪ್ಪುತ್ತೇನೆ. ಬೇರೆಯವರ ಬೊಂಬೆಗೆ ಅಚ್ಚು ತೆಗೆದು ರೆಸಿನ್ ಸುರಿದು ಮಾರುವವರದು ಕಳ್ಳತನವೇ; ಅಲ್ಲಿ ಹೊಸ ತೀರ್ಮಾನ ಒಂದೂ ಇಲ್ಲ. ಆದರೆ ಕೊಂಡವನು ಕತ್ತರಿಸಿ ಬೇರೆ ಮಾಡುವುದನ್ನು ಆಟದ ಅಂಚಿಗೆ ತಳ್ಳಿದರೆ ನಷ್ಟ ಕಂಪನಿಗೂ ಇದೆ. ಅದರ ಮೊದಲ ತಲೆಮಾರಿನ ಗಿರಾಕಿಗಳು ಬೆಳೆದದ್ದು ಡಿಯೋಡರೆಂಟ್ ಡಬ್ಬಿ ಕೊರೆದೇ.

ತ್ರೀಡಿ ಪ್ರಿಂಟರ್ ಬಂದ ಮೇಲೆ ಈ ಮಾತೇ ಹಳತಾಯಿತು ಎನ್ನುವವರಿದ್ದಾರೆ. ಬೇಕಾದ ತಲೆಯನ್ನು ಪರದೆಯ ಮೇಲೆ ಕೆತ್ತಿ ರೆಸಿನ್ನಿನಲ್ಲಿ ಮುದ್ರಿಸಬಹುದು. ಕೆತ್ತುವವರಿಗೆ ನನ್ನ ಪೂರ್ಣ ಗೌರವ. ಅವರು ನಮಗಿಂತ ಹೆಚ್ಚಿನದನ್ನೇ ಮಾಡುತ್ತಿದ್ದಾರೆ. ಆದರೆ ಇನ್ನೊಬ್ಬರ ಫೈಲನ್ನು ಇಳಿಸಿಕೊಂಡು ಗುಂಡಿ ಒತ್ತುವುದು ಕೊಳ್ಳುವುದರ ಇನ್ನೊಂದು ರೂಪ. ನೂರು ತಲೆಗಳಲ್ಲಿ ಒಂದನ್ನು ಆರಿಸುವುದು ಬೇರೆ, ಇರುವ ಒಂದೇ ತಲೆಯನ್ನು ಓರೆಯಾಗಿ ತಿರುಗಿಸಿ ಅದರಿಂದ ಅನುಮಾನದ ನೋಟ ಹೊರಡಿಸುವುದು ಬೇರೆ.

ಹಣದ ಆಕ್ಷೇಪ ಗಟ್ಟಿಯಾದದ್ದು. ಹೊರದೇಶದ ಪೆಟ್ಟಿಗೆ ಭಾರತಕ್ಕೆ ಬರುವಾಗ ಸಾಗಣೆ, ಸುಂಕ ಸೇರಿ ಮಧ್ಯಮವರ್ಗದ ಮನೆಗೆ ಭಾರವೇ. ಕಪಾಟಿನಲ್ಲಿ ತೆರೆಯದ ಪೆಟ್ಟಿಗೆಗಳನ್ನು ಒಟ್ಟಿಕೊಂಡು ಕೂತವರು ಎಲ್ಲ ದೇಶದಲ್ಲೂ ಇದ್ದಾರೆ. ಪ್ಲಾಸ್ಟಿಕ್ ಬೇರೆ. ಇದಕ್ಕೆ ಉತ್ತರವೂ ನಾನು ಹೇಳುತ್ತಿರುವ ಕೆಲಸದಲ್ಲೇ ಇದೆ. ತಿದ್ದುವವನಿಗೆ ಒಂದು ಪೆಟ್ಟಿಗೆ ಬಹಳ ದಿನ ಬರುತ್ತದೆ. ಉಳಿದ ತಲೆ, ಕೈಗಳು ಡಬ್ಬಿ ಸೇರುತ್ತವೆ. ಚೌಕಟ್ಟಿನ ಕಡ್ಡಿಗಳು ಕೊಯ್ದರೆ ಪಾಳುಮನೆಯ ಇಟ್ಟಿಗೆಗಳಾಗುತ್ತವೆ. ಅದೇ ಕಡ್ಡಿಯ ಚೂರುಗಳನ್ನು ಪ್ಲಾಸ್ಟಿಕ್ ಸಿಮೆಂಟಿನ ಶೀಶೆಯಲ್ಲಿ ಕರಗಿಸಿದರೆ ಸಂದು ತುಂಬುವ ಗಟ್ಟಿ ಪಾಯಸ ಸಿಗುತ್ತದೆ.

ಆದ್ದರಿಂದ ಈ ಹವ್ಯಾಸಕ್ಕೆ ಕಾಲಿಟ್ಟವರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ಐದಾರು ಬೊಂಬೆಗಳನ್ನು ಸೂಚನಾಪತ್ರ ಹೇಳಿದಂತೆಯೇ ಮಾಡಿ, ಕೈ ಕೂಡಲಿ. ಆಮೇಲೆ ಒಂದನ್ನು ಎತ್ತಿಕೊಂಡು ಸೊಂಟದಲ್ಲಿ ಕೊಯ್ಯಿರಿ. ಮುಂದಿನ ಪೆಟ್ಟಿಗೆಗೆ ಆರ್ಡರ್ ಹಾಕುವ ಮೊದಲು, ಉಳಿದ ತುಂಡುಗಳ ಡಬ್ಬಿಯನ್ನು ಒಮ್ಮೆ ಹಳೆಯ ದಿನಪತ್ರಿಕೆಯ ಮೇಲೆ ಸುರಿದು ನೋಡಿ. ನಿಮಗೆ ಬೇಕಾದವನ ಅರ್ಧ ಮೈ ಅದರಲ್ಲಿ ಸಿಕ್ಕೇ ಸಿಗುತ್ತದೆ.