ಮನೋರೋಗಿಯ ಕೋಣೆಗೆ ಕಿಟಕಿ ಎಷ್ಟು ಎತ್ತರದಲ್ಲಿರಬೇಕು?

ಮನೋರೋಗಿಗಳ ಆರೈಕೆಗೆಂದು ಕಟ್ಟಡ ಕಟ್ಟಿಸಲು ಹೊರಡುವವರು, ನಮ್ಮ ಧಾರ್ಮಿಕ ಸಂಸ್ಥೆಗಳೂ ಸೇರಿದಂತೆ, ಅನೇಕ ವೇಳೆ ಮೊದಲು ವಿಚಾರಿಸುವುದು ಆವರಣ ಗೋಡೆಯ ಎತ್ತರವನ್ನು. ಹಾಸಿಗೆಗಳ ಸಂಖ್ಯೆ, ಕಾವಲುಗಾರನ ಕೊಠಡಿ, ಬಾಗಿಲಿನ ಚಿಲಕ ಇವೆಲ್ಲ ತೀರ್ಮಾನವಾದ ಬಳಿಕ ಕಿಟಕಿಯ ಮಾತು ಬರುತ್ತದೆ. ಬೆಳಕು ಬಂದರೆ ಸಾಕು, ನೋಟ ಬೇಡ ಎಂಬ ಭಾವನೆಯಿಂದ ಅದನ್ನು ತಲೆಗಿಂತ ಎತ್ತರದಲ್ಲಿ ಇಡುತ್ತಾರೆ. ಹೀಗೆ ವೈದ್ಯರು ರೋಗಿಯನ್ನು ಮಾತನಾಡಿಸುವ ಮುನ್ನವೇ ಕಟ್ಟಡವು ಅವನ ವಿಷಯದಲ್ಲಿ ತೀರ್ಪು ಕೊಟ್ಟಾಗಿರುತ್ತದೆ.

1784ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು ವಿಯೆನ್ನಾ ನಗರದಲ್ಲಿ ಇಂಥವರಿಗಾಗಿಯೇ ಐದಂತಸ್ತಿನ ದುಂಡು ಕಟ್ಟಡವೊಂದನ್ನು ಕಟ್ಟಿಸಿದನು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ವೃತ್ತಾಕಾರವಾಗಿ ಜೋಡಿಸಿದ ಕಿರುಕೋಣೆಗಳು, ಸೀಳಿನಂತಹ ಕಿಟಕಿಗಳು ಜನರಿಗೆ ಬೇರೆಯೇ ಅರ್ಥವನ್ನು ಹೇಳಿದವು. ಅದಕ್ಕೆ ‘ಹುಚ್ಚರ ಗೋಪುರ’ ಎಂಬ ಹೆಸರೇ ನಿಂತಿತು. ಇಂದು ಅದು ರೋಗಶಾಸ್ತ್ರದ ವಸ್ತುಸಂಗ್ರಹಾಲಯ.

ಇದಾದ ಹನ್ನೆರಡೇ ವರ್ಷಗಳಲ್ಲಿ, 1796ರಲ್ಲಿ, ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ‘ರಿಟ್ರೀಟ್’ ಎಂಬ ಆಶ್ರಯಧಾಮ ತೆರೆಯಿತು. ಅದರ ಹಿಂದೆ ಒಂದು ಸಾವಿನ ಕಥೆಯಿದೆ. ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ವಿಧವೆ 1790ರಲ್ಲಿ ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡಳು. ಅವಳನ್ನು ನೋಡಲು ಬಂದ ಸಹಧರ್ಮೀಯರಿಗೆ ಒಳಗೆ ಪ್ರವೇಶ ಸಿಕ್ಕಿರಲಿಲ್ಲ. ಆ ನೋವಿನಿಂದ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ, ವೈದ್ಯನಲ್ಲದವನು, ಮೂವತ್ತರಷ್ಟು ಜನರಿಗೆ ಮನೆಯಂತಹ ಮನೆ ಕಟ್ಟಲು ಮುಂದಾದನು. ಅಲ್ಲಿಯ ಕಿಟಕಿಯ ಚೌಕಟ್ಟುಗಳು ಕಬ್ಬಿಣದವು, ಆದರೆ ನೋಡುವವರಿಗೆ ಸಾಧಾರಣ ಮನೆಯ ಮರದ ಕಿಟಕಿಗಳಂತೆಯೇ ತೋರುತ್ತಿದ್ದವು; ಸರಳುಗಳು ಇರಲಿಲ್ಲ. ಬೀಗ ಹಾಕುವ ಸದ್ದು ಒಳಗಿದ್ದವರ ಕಿವಿಗೆ ಚುಚ್ಚದಿರಲೆಂದು ಚಿಲಕಗಳಿಗೆ ಚರ್ಮದ ಹೊದಿಕೆ. ಅಂಗಳದಲ್ಲಿ ಮೊಲಗಳು, ಕೋಳಿಗಳು. ರಕ್ಷಣೆಯನ್ನು ಅವರು ಕೈಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಆತ್ಮಹತ್ಯೆಯ ಭಯ ಅಂದಿಗೂ ಇಂದಿಗೂ ನಿಜವಾದದ್ದೇ, ಅದನ್ನು ಅಲಕ್ಷಿಸಿ ಕಟ್ಟುವವನು ದಯಾಳುವಲ್ಲ, ಅವಿವೇಕಿ. ಯಾರ್ಕಿನವರು ಕಂಡುಕೊಂಡದ್ದು, ಕಾವಲು ಇರಲಿ, ಆದರೆ ಕಾವಲೇ ಕಣ್ಣಿಗೆ ರಾಚದಿರಲಿ ಎಂಬ ಸೂಕ್ಷ್ಮವನ್ನು.

ಅಮೆರಿಕದ ವೈದ್ಯ ಥಾಮಸ್ ಕರ್ಕ್‌ಬ್ರೈಡ್ 1854ರಲ್ಲಿ ಈ ವಿಷಯಕ್ಕೆಂದೇ ಗ್ರಂಥ ಬರೆದು, ಪ್ರತಿಯೊಂದು ವಾರ್ಡಿಗೂ ಗಾಳಿ ಬೆಳಕು ದೊರೆಯುವಂತೆ ರೆಕ್ಕೆಗಳನ್ನು ಹಿಂದೆ ಹಿಂದೆ ಸರಿಸಿ ಕಟ್ಟುವ ಕ್ರಮವನ್ನು ನಿರೂಪಿಸಿದನು. ರೋಗಿಗಳು 250ನ್ನು ಮೀರಬಾರದೆಂದೂ ಹೇಳಿದನು. ಮುಂದಿನವರು ನಕ್ಷೆಯನ್ನು ಉಳಿಸಿಕೊಂಡರು, ಆ ಮಿತಿಯನ್ನು ಮರೆತರು. ಜನ ಕಿಕ್ಕಿರಿದಾಗ ಯಾವ ಸುಂದರ ನಕ್ಷೆಯೂ ಉಪಯೋಗಕ್ಕೆ ಬರಲಿಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ದ್ರವ್ಯ ಮತ್ತು ರೂಪ ಎಂಬ ಜೋಡಿಪದಗಳು ಪರಿಚಿತ. ಇಟ್ಟಿಗೆ, ಗಾರೆಗಳು ದ್ರವ್ಯ. ಅವುಗಳಿಂದ ಸೆರೆಮನೆಯಾಗಬೇಕೋ ಮನೆಯಾಗಬೇಕೋ ಎಂಬುದನ್ನು ನಿರ್ಧರಿಸುವುದು ರೂಪ. ಇದನ್ನು ಬರಿಯ ಶಾಸ್ತ್ರವೆಂದು ತಳ್ಳಿಹಾಕುವವರು 1984ರಲ್ಲಿ ರೋಜರ್ ಉಲ್ರಿಕ್ ಪ್ರಕಟಿಸಿದ ಅಧ್ಯಯನವನ್ನು ಗಮನಿಸಲಿ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳನ್ನು ಕಂಡವರು ಇಟ್ಟಿಗೆ ಗೋಡೆಯನ್ನು ಕಂಡವರಿಗಿಂತ ಬೇಗ ಮನೆಗೆ ಹೋದರು. ಪ್ರಬಲ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ದೇಹದ ರೋಗಿಗೇ ಹೀಗಿರುವಾಗ ಮನಸ್ಸು ನೊಂದವನ ವಿಷಯದಲ್ಲಿ ಕೇಳಬೇಕೆ?

ನಮ್ಮ ದೇಶ ಈ ಚರ್ಚೆಗೆ ಸೇರಿಸಿದ ಒಂದು ಸ್ವಂತ ಅಧ್ಯಾಯವಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ವಿದ್ಯಾಸಾಗರ್ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಇರಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಕೂಡ ಕುಟುಂಬದವರು ಜೊತೆಗಿರುವ ಪದ್ಧತಿಯನ್ನು ಬೆಳೆಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬಗಳಿಗೆ ವಾರ್ಡುಗಳಾದವು. ತಾಯಿ ಗಂಜಿ ಬೇಯಿಸುವ ಮೂಲೆ, ಅಣ್ಣ ಚಾಪೆ ಹಾಸುವ ಜಗಲಿ ಇವೂ ಚಿಕಿತ್ಸೆಯ ಅಂಗಗಳೆಂದು ಒಪ್ಪಿದರೆ ಮಾತ್ರ ಅವುಗಳಿಗೆ ನಕ್ಷೆಯಲ್ಲಿ ಜಾಗ ಸಿಗುತ್ತದೆ.

ಕಥೋಲಿಕರಿಗೆ ಇದು ಹೊಸತಾಗಬಾರದು. ಬೆಲ್ಜಿಯಂ ದೇಶದ ಹೇಲ್ ಪಟ್ಟಣದ ಸಂತ ಡಿಂಫ್ನಾಳ ದೇವಾಲಯಕ್ಕೆ ಮಧ್ಯಯುಗದಿಂದ ಮನೋರೋಗಿಗಳನ್ನು ಕರೆತರುತ್ತಿದ್ದರು. ದೇವಾಲಯಕ್ಕೆ ಅಂಟಿಕೊಂಡಿದ್ದ ರೋಗಿಗಳ ಕೊಠಡಿ ಸಾಲದಾದಾಗ ಊರಿನವರೇ ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಆ ಪದ್ಧತಿ ಇಂದಿಗೂ ನಿಂತಿಲ್ಲ.

ಇದಕ್ಕೆ ಎದುರಾಗಿ ನಮ್ಮ ನೆರೆಯ ತಮಿಳುನಾಡಿನ ಎರ್ವಾಡಿ. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯವೊಂದರ ಹುಲ್ಲುಮಾಡಿಗೆ ಬೆಂಕಿ ಬಿದ್ದಾಗ 28 ಮಂದಿ ರೋಗಿಗಳು ಸತ್ತರು. ಸರಪಳಿ ಬಿಗಿದಿದ್ದುದರಿಂದ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನೂ ಏಕಾಂತ ಬಂಧನವನ್ನೂ ನಿಷೇಧಿಸಿದೆ. ಆದರೂ ಪ್ರಾರ್ಥನೆ, ಉಪವಾಸ, ಹರಕೆಯ ಹೆಸರಿನಲ್ಲಿ ಮನೆಯ ರೋಗಿಯನ್ನು ಎಲ್ಲೋ ಬಿಟ್ಟುಬರುವ ಅಭ್ಯಾಸ ಎಲ್ಲ ಧರ್ಮದವರಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ.

ಇಂತಹ ಆಶ್ರಯಗಳಿಗೆ ಧನಸಹಾಯ ಮಾಡುವ ಕುಟುಂಬಗಳು ರಶೀದಿ ಪಡೆದು ಸುಮ್ಮನಾಗದೆ ನಕ್ಷೆಯನ್ನು ತರಿಸಿ ನೋಡಬೇಕು. ಹಾಸಿಗೆಯ ಮೇಲೆ ಕುಳಿತವನಿಗೆ ಹೊರಗೆ ಏನು ಕಾಣುತ್ತದೆ? ಸ್ನಾನದ ಮನೆಗೆ ಬಾಗಿಲಿದೆಯೇ? ರಾತ್ರಿ ಜೊತೆಗೆ ಬಂದ ತಾಯಿ ಎಲ್ಲಿ ಮಲಗುತ್ತಾಳೆ? ಬೆಂಕಿ ಬಿದ್ದರೆ ಬೀಗದ ಕೈ ಯಾರ ಬಳಿ ಇರುತ್ತದೆ? ಅಡಿಗಲ್ಲಿಗೆ ಪವಿತ್ರ ಜಲ ಚಿಮುಕಿಸುವ ಮುನ್ನವೇ ಈ ಪ್ರಶ್ನೆಗಳಿಗೆ ಉತ್ತರ ಪಡೆಯಿರಿ.