ಶಿಡ್ಲಘಟ್ಟಕ್ಕೆ ಇನ್ನೊಂದು ಆ್ಯಪ್ ಬೇಡ

ಯಾವ ಹ್ಯಾಕಥಾನ್ ಪೋಸ್ಟರ್ ನೋಡಿದ್ರೂ ಕೊನೆಯ ಥೀಮ್ 'ರೂರಲ್ ಡೆವಲಪ್‌ಮೆಂಟ್' ಆಗಿರುತ್ತೆ. ಆ ಥೀಮ್ ತಗೊಂಡ ಟೀಮ್‌ಗಳಲ್ಲಿ ಅರ್ಧದಷ್ಟು ಮಣ್ಣಿನ ತೇವಾಂಶ ಅಳೆಯೋ ಸೆನ್ಸರ್ ಮಾಡ್ತವೆ. ಉಳಿದರ್ಧ ರೈತರನ್ನೂ ಗ್ರಾಹಕರನ್ನೂ ನೇರವಾಗಿ ಸೇರಿಸೋ ಆ್ಯಪ್ ಮಾಡ್ತವೆ. ಮೊದಲ ಸ್ಲೈಡಲ್ಲಿ ತಲೆಗೆ ಟವಲ್ ಸುತ್ತಿದ ರೈತರ ಫೋಟೊ, ಹಿಂದೆ ಹಸಿರು ಗದ್ದೆ. ಅದು ಯಾವ ಊರು ಅಂತ ಯಾರೂ ಕೇಳಲ್ಲ, ಕೇಳಿದ್ರೂ ಟೀಮ್ ಹತ್ರ ಉತ್ತರ ಇರಲ್ಲ.

ನನ್ನ ತಕರಾರು ಇದೇ. 'ರೂರಲ್' ಅನ್ನೋ ಹೆಸರಿನ ಊರು ಕರ್ನಾಟಕದಲ್ಲಿ ಎಲ್ಲೂ ಇಲ್ಲ. ಶಿಡ್ಲಘಟ್ಟ ಇದೆ, ಬ್ಯಾಡಗಿ ಇದೆ, ತಿಪಟೂರು ಇದೆ, ಇಳಕಲ್ ಇದೆ. ಒಂದು ರೇಷ್ಮೆಯದು, ಒಂದು ಮೆಣಸಿನಕಾಯಿಯದು, ಒಂದು ಕೊಬ್ಬರಿಯದು, ಒಂದು ಸೀರೆಯದು. ಒಂದೊಂದು ಊರಿಗೂ ಬೇರೆ ಕೆಲಸ, ಬೇರೆ ಯಂತ್ರ, ಬೇರೆ ತಲೆನೋವು. ಎಲ್ಲವನ್ನೂ ಒಂದೇ ಫೋಟೊದಲ್ಲಿ ತುಂಬಿಸಿ ಅದಕ್ಕೊಂದು 'ಸೊಲ್ಯೂಷನ್' ಕೊಡೋಕೆ ಹೋದ್ರೆ ಅದು ಯಾರಿಗೂ ಉಪಯೋಗಕ್ಕೆ ಬರಲ್ಲ.

ನನಗೆ ಸ್ವಲ್ಪ ಗೊತ್ತಿರೋದು ಶಿಡ್ಲಘಟ್ಟ. ನನ್ನ ರೂಮ್‌ಮೇಟ್ ಮನೆ ಅದರ ಪಕ್ಕದ ಹಳ್ಳೀಲಿ, ಅವರ ಮನೇಲಿ ಹುಳ ಸಾಕ್ತಾರೆ. ರಜೆಗಳಲ್ಲಿ ಅಲ್ಲಿಗೆ ಹೋಗಿ ಬಂದಿದೀನಿ. ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರ, 2011ರ ಜನಗಣತಿ ಪ್ರಕಾರ ಸುಮಾರು 50 ಸಾವಿರ ಜನಸಂಖ್ಯೆ. ಹೊರಗಿನಿಂದ ನೋಡಿದ್ರೆ ಬಸ್ ಸ್ಟ್ಯಾಂಡ್, ಟೀ ಅಂಗಡಿ, ಧೂಳು, ಅಷ್ಟೇ. ಆದ್ರೆ ಬೆಳಿಗ್ಗೆ ಗೂಡಿನ ಮಾರ್ಕೆಟ್‌ಗೆ ಹೋದ್ರೆ ಊರು ಯಾವುದರ ಮೇಲೆ ನಿಂತಿದೆ ಅಂತ ಗೊತ್ತಾಗುತ್ತೆ. ಸುತ್ತಲಿನ ಹಳ್ಳಿಗಳಿಂದ ರೈತರು ರೇಷ್ಮೆ ಗೂಡು ತರ್ತಾರೆ, ಊರಿನ ರೀಲರ್‌ಗಳು ಕೊಂಡ್ಕೋತಾರೆ. ಬಿಚ್ಚಾಣಿಕೆ ಕೆಲಸದಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಒಂದೇ ವ್ಯವಹಾರದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತೆ. ರೀಲರ್ ಇಲ್ಲದೆ ರೈತನ ಗೂಡಿಗೆ ಬೆಲೆ ಇಲ್ಲ, ರೈತ ಇಲ್ಲದೆ ರೀಲರ್ ಒಲೆ ಹೊತ್ತಲ್ಲ.

ಇನ್ನು ಆ್ಯಪ್ ವಿಷಯ. ಅಲ್ಲಿ ಹರಾಜು ಆಗಲೇ ಇ-ಹರಾಜು. ರೀಲರ್‌ಗಳು ಮೊಬೈಲಲ್ಲೇ ಬಿಡ್ ಮಾಡ್ತಾರೆ, ತೂಕ ಎಲೆಕ್ಟ್ರಾನಿಕ್, ದುಡ್ಡು ಬ್ಯಾಂಕ್ ಖಾತೆಗೆ ಬರುತ್ತೆ. ನಾವು ಸ್ಲೈಡಲ್ಲಿ ಹೊಸದು ಅಂತ ತೋರಿಸೋದನ್ನ ಅಲ್ಲಿನ ಜನ ದಿನಾ ಬಳಸ್ತಿದಾರೆ. ಹಾಗಾದ್ರೆ ಕಷ್ಟ ಎಲ್ಲಿದೆ?

ಒಂದು, ಸಮಯದಲ್ಲಿದೆ. ರಾಗಿ ಬೆಳೆದವರು ಬೆಲೆ ಬರೋವರೆಗೆ ಮೂಟೆ ಕಟ್ಟಿ ಇಡಬಹುದು. ಗೂಡಿನೊಳಗೆ ಜೀವ ಇದೆ. ಹುಳ ಗೂಡು ಕಟ್ಟಿದ ಸುಮಾರು ಹತ್ತು ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತೆ, ಆಮೇಲೆ ಆ ಗೂಡಿನಿಂದ ಉದ್ದ ಎಳೆ ತೆಗೆಯೋಕಾಗಲ್ಲ. ಹಾಗಾಗಿ ಮಾರ್ಕೆಟ್‌ಗೆ ತಂದ ರೈತ ಅವತ್ತಿನ ಬೆಲೆಗೆ ಕೊಟ್ಟು ಹೋಗಬೇಕು. ಆ ಬೆಲೆ ಶಿಡ್ಲಘಟ್ಟದಲ್ಲಷ್ಟೇ ತೀರ್ಮಾನ ಆಗಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನ ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಇಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಮತ್ತೆ ಶೇ. 15ಕ್ಕೆ ಏರಿತು. ದೆಹಲಿಯಲ್ಲಿ ಒಂದು ಸಂಖ್ಯೆ ಬದಲಾದ್ರೆ ಇಲ್ಲಿ ಹಿಪ್ಪುನೇರಳೆ ತೋಟ ಕಿತ್ತು ಹಾಕಬೇಕಾ ಅನ್ನೋ ಮಾತು ಶುರುವಾಗುತ್ತೆ.

ಇನ್ನೊಂದು ಕಷ್ಟ, ಮತ್ತು ನಾವು ಎಂಜಿನಿಯರ್‌ಗಳಾಗಿ ಕೈ ಹಾಕಬಹುದಾದ್ದು, ನೀರಲ್ಲಿದೆ. ರೇಷ್ಮೆ ಎಳೆಗಳನ್ನ ಸೆರಿಸಿನ್ ಅನ್ನೋ ಅಂಟು ಹಿಡಿದಿರುತ್ತೆ. ಗೂಡನ್ನ ಬಿಸಿ ನೀರಲ್ಲಿ ಬೇಯಿಸಿದ್ರೆ ಅಂಟು ಸಡಿಲ ಆಗಿ ಎಳೆ ಬಿಚ್ಚಿಕೊಳ್ಳುತ್ತೆ. ಒಳ್ಳೆ ದ್ವಿತಳಿ ಗೂಡಲ್ಲಿ ಹತ್ತಿರ ಹತ್ತಿರ 1000 ಮೀಟರ್ ಎಳೆ ಇರುತ್ತೆ. ಒಂದೇ ಎಳೆ ತುಂಬಾ ತೆಳು, ಅದಕ್ಕೆ ಎಂಟೊಂಬತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡ್ತಾರೆ. ಚರಕದಲ್ಲಿ ಈ ಕೆಲಸ ಕುದಿಯೋ ಹತ್ತಿರ ಇರೋ ನೀರಲ್ಲೇ ನಡೆಯುತ್ತೆ. ಕೈ ಹಾಕೋರು ಹೆಚ್ಚಾಗಿ ಹೆಂಗಸರು. ದಿನವಿಡೀ ನೆಂದು ಬೆರಳು ಬಿಳಿಚಿಕೊಂಡು, ಚರ್ಮ ಒಡೆದಿರುತ್ತೆ. ಜೊತೆಗೆ ಸೌದೆ ಹೊಗೆ, ಹಬೆ, ಬೆಂದ ಹುಳದ ವಾಸನೆ. ಬಟ್ಟೆಗೆ ಹತ್ತಿದ ಆ ವಾಸನೆ ಒಂದೇ ಒಗೆತಕ್ಕೆ ಹೋಗಲ್ಲ.

ಆ ಅಕ್ಕಂದಿರು ಮಾಡೋದನ್ನ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದ ಭಾಷೇಲಿ ಹೇಳಿದ್ರೆ ಕ್ಲೋಸ್ಡ್ ಲೂಪ್. ಒಂದು ಗೂಡು ಖಾಲಿಯಾದ್ರೆ ನೂಲು ತೆಳ್ಳಗಾಗುತ್ತೆ. ಅದನ್ನ ಕಣ್ಣಲ್ಲೇ ಗುರುತಿಸಿ, ಹೊಸ ಗೂಡಿನ ತುದಿ ಹುಡುಕಿ, ಓಡ್ತಾ ಇರೋ ನೂಲಿಗೆ ಸೇರಿಸಬೇಕು. ತಡವಾದ್ರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆಟೋಮ್ಯಾಟಿಕ್ ರೀಲಿಂಗ್ ಮಷೀನ್‌ನಲ್ಲಿ ಇದೇ ಕೆಲಸಕ್ಕೆ ಡೆನಿಯರ್ ಡಿಟೆಕ್ಟರ್ ಇದೆ. ನೂಲಿನ ಘರ್ಷಣೆ ನೋಡಿ ದಪ್ಪ ಅಳೆದು, ಕಡಿಮೆಯಾದಾಗ ಹೊಸ ಗೂಡು ಸೇರಿಸೋಕೆ ಸಿಗ್ನಲ್ ಕೊಡುತ್ತೆ. ಸೆನ್ಸರ್, ಕಂಟ್ರೋಲರ್, ಆಕ್ಚುಯೇಟರ್ ಮೂರೂ ತಾವೇ ಆಗಿರೋರನ್ನ ನಾವು 'ಅನ್‌ಸ್ಕಿಲ್ಡ್ ಲೇಬರ್' ಅಂತ ರಿಪೋರ್ಟಲ್ಲಿ ಬರೀತೀವಿ.

"ಮಷೀನ್ ಇದೆಯಲ್ಲ, ಅದನ್ನೇ ಹಾಕಿದ್ರೆ ಮುಗೀತು. ಈ ಕೆಲಸ ಯಾಕೆ ಉಳೀಬೇಕು?" ಅಂತ ನೀವು ಕೇಳಬಹುದು. ಪ್ರಶ್ನೆ ಸರಿಯಾಗೇ ಇದೆ. ನಾನು ಮಾತಾಡಿಸಿದ ಯಾವ ತಾಯಿಯೂ ಮಗಳು ಚರಕದ ಮುಂದೆ ಕೂರಲಿ ಅಂತ ಹೇಳಲಿಲ್ಲ. ಕೆಲಸ ಹೀಗೇ ಉಳೀಲಿ ಅಂತ ಹೇಳೋಕೆ ನನಗೂ ಹಕ್ಕಿಲ್ಲ. ಆದ್ರೆ ಲೆಕ್ಕ ನೋಡಿ. ಆ ಮಷೀನ್ ಸಾಮಾನ್ಯವಾಗಿ 400 ಅಥವಾ 200 ಎಂಡ್‌ನದ್ದು. ಅದಕ್ಕೆ ಒಂದೇ ಸಮನಾದ ದ್ವಿತಳಿ ಗೂಡು ಬೇಕು, ಅದೂ ದಿನಾ ರಾಶಿಗಟ್ಟಲೆ. ಇವತ್ತು ಕೊಂಡು, ನಾಳೆ ಬಿಚ್ಚಿ, ನೂಲು ಮಾರಿದ ದುಡ್ಡಲ್ಲಿ ಮತ್ತೆ ಗೂಡು ಕೊಳ್ಳೋ ಸಣ್ಣ ರೀಲರ್‌ಗೆ ಅದು ಎಟುಕಲ್ಲ. ಸಬ್ಸಿಡಿ ಇದ್ರೂ ಉಳಿದ ದುಡ್ಡು ಹೊಂದಿಸೋದು ಅವರೇ. ಆ ಮಷೀನ್ ಮಾತ್ರವೇ ದಾರಿ ಅಂದ್ರೆ, ಇವತ್ತು ಸ್ವಂತ ಚರಕ ಇಟ್ಕೊಂಡಿರೋ ಮನೆಗಳು ನಾಳೆ ಇನ್ನೊಬ್ಬರ ಶೆಡ್‌ನಲ್ಲಿ ಕೂಲಿಗೆ ಹೋಗ್ತವೆ. ಕೈ ನೀರಿಂದ ಹೊರಗೆ ಬಂತು, ಜೊತೆಗೆ ದುಡಿಮೆಯ ಒಡೆತನವೂ ಹೋಯ್ತು.

ಮಧ್ಯದ ದಾರಿ ಸಾಧ್ಯ ಅನ್ನೋದಕ್ಕೆ ಉದಾಹರಣೆ ಇದೆ. ತಸರ್ ರೇಷ್ಮೆ ಬೆಳೆಯೋ ರಾಜ್ಯಗಳಲ್ಲಿ ಹೆಂಗಸರು ಎಳೆಯನ್ನ ತಮ್ಮ ತೊಡೆ ಮೇಲೆ ಉಜ್ಜಿ ನೂಲು ತೆಗೀತಿದ್ರು. ಅದನ್ನ ತಪ್ಪಿಸೋಕೆ ಕೇಂದ್ರ ರೇಷ್ಮೆ ಮಂಡಳಿ 'ಬುನಿಯಾದ್' ಅನ್ನೋ ಸಣ್ಣ ಯಂತ್ರ ತಂತು. ಅದಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ, ಕೂತು ಕೆಲಸ ಮಾಡೋರ ಅಳತೆಗೆ ಮಾಡಿದ್ದು. ನಮ್ಮಲ್ಲೂ ಬೇಯಿಸೋ ನೀರನ್ನೂ ಬಿಚ್ಚೋ ನೀರನ್ನೂ ಬೇರೆ ಮಾಡಿದ ಕಾಟೇಜ್ ಬೇಸಿನ್ ಬಂದಮೇಲೆ ಬಿಚ್ಚೋ ನೀರು ಅಷ್ಟು ಸುಡೋದು ತಪ್ಪಿತು. ದೊಡ್ಡ ಆವಿಷ್ಕಾರ ಏನಲ್ಲ, ಒಂದು ತೊಟ್ಟಿ ಎರಡಾಯ್ತು. ಆದ್ರೆ ಅದನ್ನ ಯೋಚಿಸೋಕೆ ಯಾರೋ ಆ ತೊಟ್ಟಿ ಪಕ್ಕ ಕೂತಿರಲೇಬೇಕು.

ಅದಕ್ಕೆ ನಮ್ಮ ಕಾಲೇಜಿಗೆ ಒಂದು ಸಲಹೆ. ಮೂರನೇ ವರ್ಷದ ಮಿನಿ ಪ್ರಾಜೆಕ್ಟ್‌ಗೆ ಯಾರಾದ್ರೂ 'ರೂರಲ್' ಅಂತ ಬರೆದ್ರೆ, ಊರಿನ ಹೆಸರು ಕೇಳಿ. ಅಲ್ಲಿ ಕನಿಷ್ಠ ಎರಡು ದಿನ ಇದ್ದು ಅಳತೆ ತಗೊಂಡು ಬಂದವರಿಗೆ ಮಾತ್ರ ಪ್ರಾಜೆಕ್ಟ್ ಒಪ್ಪಿ. ಶಿಡ್ಲಘಟ್ಟದಲ್ಲಿ ಕೆಲಸಕ್ಕೆ ಬರಗಾಲ ಇಲ್ಲ. ಮೆಕ್ಯಾನಿಕಲ್‌ನವರು ಕಡಿಮೆ ಸೌದೆಯಲ್ಲಿ ಕಡಿಮೆ ಹೊಗೆಯ ಒಲೆ ನೋಡಲಿ, ಚೆಲ್ಲೋ ಬಿಸಿ ನೀರಿನ ಶಾಖ ಹೇಗೆ ಮತ್ತೆ ಬಳಸೋದು ಅಂತ ಲೆಕ್ಕ ಹಾಕಲಿ. ಎಲೆಕ್ಟ್ರಾನಿಕ್ಸ್‌ನವರು ಹತ್ತು ಎಂಡ್‌ನ ಸಣ್ಣ ಯಂತ್ರಕ್ಕೆ ಅಗ್ಗದ ಡೆನಿಯರ್ ಡಿಟೆಕ್ಟರ್ ಪ್ರಯತ್ನಿಸಲಿ. ಗೂಡು ಒಣಗಿಸಿ ಇಡೋ ಸಣ್ಣ ಡ್ರೈಯರ್ ಇದ್ರೆ ರೀಲರ್ ಬೆಲೆ ನೋಡಿ ಕೊಳ್ಳಬಹುದು, ಮಾರ್ಕೆಟ್ ರಜೆ ದಿನವೂ ಕೆಲಸ ನಿಲ್ಲಲ್ಲ. ಇದ್ಯಾವುದೂ 24 ಗಂಟೆಯ ಹ್ಯಾಕಥಾನ್‌ನಲ್ಲಿ ಆಗಲ್ಲ. ಒಂದು ಬ್ಯಾಚ್ ಮಾಡಿದ್ದನ್ನ ಮುಂದಿನ ಬ್ಯಾಚ್ ಮುಂದುವರಿಸಿದ್ರೆ ನಾಲ್ಕು ವರ್ಷದಲ್ಲಿ ಏನೋ ಒಂದು ಆಗಬಹುದು.

ಇದರಲ್ಲಿ ನಮ್ಮ ಕನ್ನಡ ಸಂಘಕ್ಕೂ ಕೆಲಸ ಇದೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕಕೂನ್, ಫಿಲಮೆಂಟ್, ಬೈವೋಲ್ಟೀನ್ ಅಂದ್ರೆ ನಮ್ಮಂಥವರಿಗೆ ಅರ್ಥ ಆಗುತ್ತೆ. ಗೂಡು, ಎಳೆ, ಚಂದ್ರಿಕೆ, ಹಣ್ಣಾದ ಹುಳ, ನಾಲ್ಕನೇ ಜ್ವರ ಅಂದ್ರೆ ಕೇಳಿ ತಿಳ್ಕೋಬೇಕು. ಹುಳ ಪೊರೆ ಬಿಡೋದಕ್ಕೆ ಅಲ್ಲಿ ಜ್ವರ ಅಂತಾರೆ. ಅದು ಗೊತ್ತಿಲ್ಲದ ಟೀಮ್ 'ಹುಳಕ್ಕೆ ಜ್ವರ' ಅಂತ ಕೇಳಿ ರೋಗ ಪತ್ತೆ ಮಾಡೋ ಕ್ಯಾಮೆರಾ ತಗೊಂಡು ಹೋಗುತ್ತೆ. ಭಾಷೆ ಬರದೆ ಇದ್ರೆ ಪ್ರಾಬ್ಲಂ ಸ್ಟೇಟ್‌ಮೆಂಟೇ ತಪ್ಪಾಗುತ್ತೆ. ರಾಜ್ಯೋತ್ಸವಕ್ಕೆ ಭಾಷಣ ಮಾಡೋದ್ರ ಜೊತೆಗೆ, ಇಂಥ ಕೆಲಸದ ಮಾತುಗಳ ಒಂದು ಪಟ್ಟಿ ಮಾಡಿ ಎಲ್ಲ ಬ್ರಾಂಚ್‌ಗೂ ಕೊಟ್ರೆ ಕನ್ನಡ ಸಂಘಕ್ಕೆ ಅದಕ್ಕಿಂತ ಒಳ್ಳೆ ಕಾರ್ಯಕ್ರಮ ಬೇಕಾ?

ಬೆಂಗಳೂರಿಂದ ಬಸ್ಸಲ್ಲಿ ಎರಡು ಗಂಟೆ ದಾರಿ. ಮಾರ್ಕೆಟ್ ಬೆಳಿಗ್ಗೆನೇ ನಡೆಯೋದ್ರಿಂದ ಬೇಗ ಹೊರಡಬೇಕು. ಮೊದಲ ಸಲಕ್ಕೆ ಸೆನ್ಸರ್ ಕಿಟ್ ಬೇಡ. ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್ ಸಾಕು.